ಹಾಲಿನ ಗಾಡಿ ನಿಮ್ಮ ಮೈಯಳತೆಗೆ ಇರಲಿ



ಮುಂಜಾನೆ ಆರೂವರೆಗೆ ನಿಮ್ಮೂರಿನ ಹಾಲಿನ ಸೊಸೈಟಿ ಬಾಗಿಲಲ್ಲಿ ಹತ್ತು ನಿಮಿಷ ನಿಂತು ನೋಡಿ. ಮೊದಲೆಲ್ಲ ತಲೆ ಮೇಲೆ ಸಿಂಬಿ, ಸಿಂಬಿ ಮೇಲೆ ಕ್ಯಾನು ಹೊತ್ತು ಬರುತ್ತಿದ್ದವರು ಈಗ ಎಕ್ಸ್‌ಎಲ್ ಮೇಲೆ, ಸ್ಕೂಟಿ ಮೇಲೆ ಬರುತ್ತಿದ್ದೀರಿ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗ, ಯಾವ ತಾಲ್ಲೂಕಿಗೆ ಹೋದರೂ ಈ ನೋಟ ಕಾಣುತ್ತದೆ. ನೋಡೋದಕ್ಕೆ ಖುಷಿ. ಆದರೆ ಗಾಡಿಯಿಂದ ಇಳಿಯುವಾಗ ನೋಡಿ. ಒಬ್ಬರು ಸೊಂಟ ಹಿಡಿದುಕೊಂಡು ಇಳಿಯುತ್ತಾರೆ. ಇನ್ನೊಬ್ಬರು ಅಂಗೈ ಕೊಡವಿಕೊಳ್ಳುತ್ತಾರೆ. ಮತ್ತೊಬ್ಬರು ನೆಲಕ್ಕೆ ಕಾಲು ಎಟುಕದೆ ಸೊಸೈಟಿ ಕಟ್ಟೆಗೇ ಗಾಡಿ ಒರಗಿಸಿ ನಿಲ್ಲಿಸುತ್ತಾರೆ. ಯಾಕಮ್ಮ ಹೀಗೆ ಅಂತ ಕೇಳಿದರೆ ಬರುವ ಉತ್ತರ ಹೆಚ್ಚುಕಮ್ಮಿ ಒಂದೇ: "ಗಾಡಿ ನಮ್ಮೆಜಮಾನ್ರದ್ದು ಮೇಡಂ."

ಆ ಮಾತಿನಲ್ಲೇ ಕಾರಣವೂ ಇದೆ. ಗಾಡಿ ತಂದಾಗ ಅದನ್ನು ಓಡಿಸುತ್ತಿದ್ದವರು ಯಜಮಾನರು, ಇಲ್ಲವೇ ಮಗ. ಸೀಟು, ಹ್ಯಾಂಡಲ್, ಕನ್ನಡಿ, ಬ್ರೇಕು, ಟಯರಿನ ಗಾಳಿ ಎಲ್ಲ ಅವರ ಕೈಕಾಲಿಗೆ ಹೊಂದಿಕೊಂಡೋ, ಹೊಂದಿಕೊಳ್ಳದೆಯೋ ಹಾಗೇ ಉಳಿದಿವೆ. ಈಗ ದಿನಕ್ಕೆ ಎರಡು ಹೊತ್ತು ಅದನ್ನು ಓಡಿಸುವವರು ನೀವು. ರವಿಕೆ ಹೊಲಿಸುವಾಗ ಅರ್ಧ ಇಂಚು ಹೆಚ್ಚುಕಮ್ಮಿಯಾದರೆ ಟೈಲರನ್ನು ಬಿಡದ ನಾವು, ಗಾಡಿ ಮಾತ್ರ ಹೇಗಿದೆಯೋ ಹಾಗೇ ಹತ್ತಿ ಹೊರಡುತ್ತೇವೆ.

ಕಲ್ಲುಮಣ್ಣಿನ ದಾರಿಯಲ್ಲಿ ಓಡಿಸುವುದನ್ನೇ ಆಟ ಮಾಡಿಕೊಂಡವರಿದ್ದಾರೆ. ಅದಕ್ಕೆಂದೇ ಡರ್ಟ್ ಬೈಕ್ ಎಂಬ ಬೇರೆ ಜಾತಿಯ ಗಾಡಿ ಇದೆ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್.ಐ.ಎಂ. ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಮರಳು, ಕಲ್ಲು, ಗುಂಡಿಗಳಲ್ಲಿ ನೂರಾರು ಕಿಲೋಮೀಟರ್ ಓಡಿಸುವ ಸ್ಪರ್ಧೆ ಅದು. ಬೆಂಗಳೂರಿನವರೇ ಆದ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರ್ತಿ ಮುಗಿಸಿದ ಮೊದಲ ಭಾರತೀಯ. ಇಂಥವರು ಹೊಸ ಗಾಡಿ ಕೈಗೆ ಬಂದ ಕೂಡಲೇ ಜೋರಾಗಿ ಓಡಿಸುವುದಿಲ್ಲ. ಸ್ಪ್ಯಾನರ್ ಹಿಡಿದು ಕೂರುತ್ತಾರೆ. ಹ್ಯಾಂಡಲ್ ಎಷ್ಟು ವಾಲಿರಬೇಕು, ಬ್ರೇಕ್ ಲಿವರ್ ಎಷ್ಟು ಕೆಳಗಿರಬೇಕು, ತಾನು ಕೂತಾಗ ಸ್ಪ್ರಿಂಗು ಎಷ್ಟು ಕುಸಿಯಬೇಕು, ಟಯರಿಗೆ ಎಷ್ಟು ಗಾಳಿ, ಎಲ್ಲವನ್ನೂ ತನ್ನ ಎತ್ತರ ತೂಕಕ್ಕೆ ಸರಿಮಾಡಿಕೊಂಡ ಮೇಲೇ ಓಟದ ಮಾತು. ಅವರು ಹೊರಡುವುದು ಕಪ್ಪಿಗೆ, ನೀವು ಹೊರಡುವುದು ಹದಿನೈದು ಲೀಟರ್ ಹಾಲು ಮುಟ್ಟಿಸುವುದಕ್ಕೆ. ಕೆಳಗಿನ ದಾರಿಯೇನೂ ಬಹಳ ಬೇರೆಯಲ್ಲ. ಅವರು ಮಾಡುವ ಕೆಲಸದಲ್ಲಿ ಅರ್ಧದಷ್ಟನ್ನು ನಿಮ್ಮ ಅಂಗಳದಲ್ಲೇ ಒಂದು ಗಂಟೆಯಲ್ಲಿ ಮಾಡಬಹುದು.

ಮೊದಲು ಅಂಗಳದಲ್ಲಿ ಕೂತು ನೋಡಿ

ಹಾಲು ಹಾಕಿ ಬಂದ ಮೇಲೆ, ಖಾಲಿ ಗಾಡಿ ಸಮನೆಲದಲ್ಲಿ ನಿಲ್ಲಿಸಿ. ನೀವು ದಿನವೂ ಉಡುವ ಬಟ್ಟೆಯಲ್ಲೇ, ದಿನವೂ ಹಾಕುವ ಚಪ್ಪಲಿಯಲ್ಲೇ ಕೂತು ಸ್ಟ್ಯಾಂಡ್ ತೆಗೆಯಿರಿ. ಮನೆಯವರೊಬ್ಬರು ಪಕ್ಕದಲ್ಲಿ ನಿಂತು ನೋಡಲಿ. ಎರಡೂ ಪಾದದ ಮುಂಭಾಗ ಗಟ್ಟಿಯಾಗಿ ನೆಲಕ್ಕೆ ಊರಬೇಕು. ಹೆಬ್ಬೆರಳ ತುದಿ ಮಾತ್ರ ತಾಗುತ್ತಿದ್ದರೆ ಡಾಂಬರು ರಸ್ತೆಯಲ್ಲಿ ಹೇಗೋ ನಡೆಯುತ್ತದೆ, ಕಲ್ಲುದಾರಿಯಲ್ಲಿ ನಡೆಯುವುದಿಲ್ಲ. ಅಲ್ಲಿ ಕಾಲಿಡುವ ಜಾಗದಲ್ಲೇ ಒಂದು ಗುಂಡಿ ಇದ್ದರೆ ಆ ನಾಲ್ಕು ಬೆರಳಗಲದ ಕೊರತೆಗೇ ಗಾಡಿ ಮಗುಚುತ್ತದೆ. ಗಾಡಿ ಬೀಳುವುದು ಬಹಳ ಸಲ ಓಡುವಾಗಲ್ಲ, ನಿಲ್ಲಿಸುವಾಗ.

ಎಕ್ಸ್‌ಎಲ್ 100ರ ಸೀಟು ನೆಲದಿಂದ ಎರಡೂವರೆ ಅಡಿಗೂ ಮೇಲಿದೆ. ಕುಳ್ಳಗಿರುವವರಿಗೆ ಇದು ಎತ್ತರವೇ. ಇದಕ್ಕೆ ಹೆಚ್ಚು ಖರ್ಚಿಲ್ಲದ ಪರಿಹಾರ ಸೀಟಿನ ಅಂಗಡಿಯಲ್ಲಿದೆ. ಸೀಟಿನ ಸ್ಪಂಜನ್ನು ಇಡಿಯಾಗಿ ತೆಳ್ಳಗೆ ಮಾಡಿಸಬೇಡಿ, ಆಮೇಲೆ ಕಬ್ಬಿಣ ಸೊಂಟಕ್ಕೆ ಬಡಿಯುತ್ತದೆ. ಸೀಟಿನ ಮುಂಭಾಗದಲ್ಲಿ, ತೊಡೆ ತಾಗುವ ಎರಡೂ ಅಂಚನ್ನು ಮಾತ್ರ ಸ್ವಲ್ಪ ಕೊರೆಸಿ ಕಿರಿದು ಮಾಡಿಸಿ. ತೊಡೆ ಅಗಲಿಸುವುದು ತಪ್ಪಿದರೆ ಕಾಲು ತಾನಾಗಿ ಒಂದೆರಡು ಬೆರಳು ಕೆಳಗೆ ಇಳಿಯುತ್ತದೆ. ಡರ್ಟ್ ಬೈಕಿನ ಸೀಟು ಮುಂದೆ ಅಷ್ಟು ಕಿರಿದಾಗಿರುವುದಕ್ಕೆ ಇದೂ ಒಂದು ಕಾರಣ.

ಚಪ್ಪಲಿ ಮಾತು ಬಂತಲ್ಲ, ಅದನ್ನೂ ಮುಗಿಸಿಬಿಡೋಣ. ಕೊಟ್ಟಿಗೆ ತೊಳೆದ ಹವಾಯಿ ಚಪ್ಪಲಿ ಒದ್ದೆಯಾಗಿರುತ್ತದೆ, ಸಗಣಿ ಅಂಟಿರುತ್ತದೆ, ಕಾಲೂರಿದ ಕೂಡಲೇ ಜಾರುತ್ತದೆ. ಗಾಡಿಗೆಂದು ಹಿಮ್ಮಡಿಗೆ ಪಟ್ಟಿಯಿರುವ ಒಂದು ಜೊತೆ ಚಪ್ಪಲಿ ಬಾಗಿಲಲ್ಲಿ ಬೇರೆಯೇ ಇರಲಿ.

ಈಗ ಕೈ ಚಾಚಿ ಹ್ಯಾಂಡಲ್ ಹಿಡಿಯಿರಿ. ಮೊಣಕೈ ಸ್ವಲ್ಪ ಬಾಗಿರಬೇಕು, ಭುಜ ಕಿವಿಯ ಹತ್ತಿರ ಏರಿರಬಾರದು, ಹಿಡಿಯಲು ಮುಂದಕ್ಕೆ ಬಗ್ಗುವ ಹಾಗಿರಬಾರದು. ಕೈ ಪೂರಾ ನೆಟ್ಟಗಾಗಿದ್ದರೆ ಪ್ರತಿ ಗುಂಡಿಯ ಏಟೂ ಮೊಣಕೈ ದಾಟಿ ನೇರ ಕತ್ತಿಗೆ, ಬೆನ್ನಿಗೆ ಹೋಗುತ್ತದೆ. ಎಕ್ಸ್‌ಎಲ್‌ನಂಥ ಗಾಡಿಯ ಹ್ಯಾಂಡಲ್ ಒಂದು ಪೈಪು, ಬೋಲ್ಟಿನಿಂದ ಬಿಗಿದಿರುತ್ತದೆ. ಮೆಕಾನಿಕ್ ಬೋಲ್ಟ್ ಸಡಿಲಿಸಿ ಪೈಪನ್ನು ನಿಮ್ಮ ಕಡೆಗೆ ಸ್ವಲ್ಪ ತಿರುಗಿಸಿ ಮತ್ತೆ ಬಿಗಿಯಬಹುದು. ತಿರುಗಿಸುವ ಮುಂಚೆ ಹಳೇ ಜಾಗಕ್ಕೆ ಉಗುರುಬಣ್ಣದಲ್ಲಿ ಒಂದು ಚುಕ್ಕೆ ಇಟ್ಟುಕೊಳ್ಳಿ, ಸರಿಬಾರದಿದ್ದರೆ ವಾಪಸ್ ತರಬಹುದು. ತಿರುಗಿಸಿದ ಮೇಲೆ ಹ್ಯಾಂಡಲನ್ನು ಎಡದ ಕೊನೆಗೂ ಬಲದ ಕೊನೆಗೂ ಹೊರಳಿಸಿ, ಯಾವ ಕೇಬಲ್ಲೂ ಬಿಗಿದು ಎಳೆಯುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಸ್ಕೂಟರ್‌ಗಳಲ್ಲಿ ಹ್ಯಾಂಡಲ್ ಪ್ಲಾಸ್ಟಿಕ್ ಒಳಗೆ ಮುಚ್ಚಿರುತ್ತದೆ, ಅಲ್ಲಿ ಈ ಅವಕಾಶವಿಲ್ಲ. ಸೀಟಿನ ಮೇಲೆ ಒಂದು ಗೇಣು ಮುಂದಕ್ಕೆ ಸರಿದು ಕೂರುವುದೊಂದೇ ದಾರಿ.

ಹಾಲು ಕರೆದ ಕೈ

ಇದನ್ನು ಯಾವ ಶೋರೂಮಿನವರೂ ಹೇಳುವುದಿಲ್ಲ, ಅವರಿಗೆ ಗೊತ್ತಿರುವುದೂ ಇಲ್ಲ. ನೀವು ಗಾಡಿ ಹತ್ತುವ ಹೊತ್ತಿಗೆ ನಿಮ್ಮ ಕೈ ಆಗಲೇ ಒಂದು ದಿನದ ಕೆಲಸ ಮುಗಿಸಿರುತ್ತದೆ. ಮೂರು ಹಸು ಕೈಯಲ್ಲಿ ಕರೆದು ಎದ್ದವರಿಗೆ ಮುಂಗೈ ಬಿಗಿದು ಕಲ್ಲಾಗಿರುತ್ತದೆ, ಬೆರಳು ಮುದುಡಿದರೆ ಬಿಡಿಸಲು ಬಾರದು. ಅದೇ ಕೈಯಲ್ಲಿ ಹೋಗಿ ಬ್ರೇಕ್ ಹಿಡಿಯಬೇಕು. ಡರ್ಟ್ ಬೈಕ್ ಓಡಿಸುವವರಿಗೂ ಇದೇ ತೊಂದರೆ. ಹ್ಯಾಂಡಲನ್ನು ಬಿಗಿಯಾಗಿ ಹಿಡಿದು ಹಿಡಿದು ಮುಂಗೈ ಸ್ನಾಯು ಊದಿಕೊಂಡು ಲಿವರ್ ಅದುಮಲು ಬೆರಳೇ ಬಾರದಂತಾಗುತ್ತದೆ. ಓಟದ ಮಧ್ಯದಲ್ಲಿ ಅವರಿಗೆ ಬರುವ ಸುಸ್ತು ನಿಮಗೆ ಹೊರಡುವ ಮುಂಚೆಯೇ ಬಂದಿರುತ್ತದೆ.

ಅದಕ್ಕೆ ಬ್ರೇಕು ಹಗುರವಾಗಿರುವುದು ನಿಮಗೆ ಸೌಕರ್ಯದ ಮಾತಲ್ಲ, ಸುರಕ್ಷತೆಯ ಮಾತು. ಎರಡು ಬೆರಳಲ್ಲಿ ಲಿವರ್ ಎಳೆದು ನೋಡಿ. ಹಲ್ಲು ಕಚ್ಚಿ ಎಳೆಯಬೇಕಾದರೆ ಕೇಬಲ್ ಒಳಗೆ ತುಕ್ಕು, ದೂಳು ಸೇರಿದೆ. ಮೆಕಾನಿಕ್ ಹತ್ತಿರ ಕೇಬಲ್ ಬಿಚ್ಚಿಸಿ ಎಣ್ಣೆ ಬಿಡಿಸಿ. ಎಳೆ ಎಳೆಯಾಗಿ ಬಿಚ್ಚಿಕೊಂಡಿದ್ದರೆ ಹೊಸದು ಹಾಕಿಸಿ. ಲಿವರಿನ ತುದಿಯಲ್ಲಿ ಒಂದು ಬೆರಳಗಲ ಸಡಿಲ ಇದ್ದು, ಆಮೇಲೆ ಬ್ರೇಕು ಹಿಡಿಯಲು ಶುರುವಾಗಬೇಕು. ಲಿವರ್ ಬಂದು ಹಿಡಿಕೆಗೇ ತಾಗುತ್ತಿದ್ದರೆ ಬ್ರೇಕು ಇಲ್ಲವೆಂದೇ ಲೆಕ್ಕ. ಹಿಂದಿನ ಚಕ್ರದ ಬ್ರೇಕ್ ಡ್ರಮ್ಮಿನ ಹತ್ತಿರ ಕೇಬಲ್ ತುದಿಯಲ್ಲಿರುವ ನಟ್ಟನ್ನು ಕೈಯಲ್ಲೇ ಒಂದೆರಡು ಸುತ್ತು ತಿರುಗಿಸಿ ಇದನ್ನು ಸರಿಮಾಡಬಹುದು. ನೀವೇ ಕಲಿತುಕೊಳ್ಳಿ, ಸೌದೆ ಒಲೆ ಹಚ್ಚುವಷ್ಟೂ ಕಷ್ಟವಿಲ್ಲ. ತಿರುಗಿಸಿದ ಮೇಲೆ ಗಾಡಿಯನ್ನು ನಡುಸ್ಟ್ಯಾಂಡ್ ಹಾಕಿ ಚಕ್ರ ಕೈಯಲ್ಲಿ ಸುತ್ತಿ ನೋಡಿ, ಎಲ್ಲೂ ಉಜ್ಜಬಾರದು.

ಲಿವರ್ ಇರುವ ಕೋನವೂ ಮುಖ್ಯ. ಕೂತು ಬೆರಳು ಚಾಚಿದರೆ ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿ ಹೋಗಿ ಲಿವರ್ ಮೇಲೆ ಕೂರಬೇಕು. ಮಣಿಕಟ್ಟು ಮೇಲಕ್ಕೆ ಮಡಚಿ ಹಿಡಿಯುವ ಹಾಗಿದ್ದರೆ ವರ್ಷದೊಳಗೆ ಹೆಬ್ಬೆರಳು ಜುಮ್ಮೆನ್ನಲು ಶುರುವಾದರೂ ಆಶ್ಚರ್ಯವಿಲ್ಲ. ಹ್ಯಾಂಡಲ್ ಪೈಪ್ ತಿರುಗಿಸುವಾಗಲೇ ಇದನ್ನೂ ಹೇಳಿ ಸರಿಮಾಡಿಸಿ. ಹಿಡಿಕೆಯ ರಬ್ಬರ್ ಸವೆದು ನುಣ್ಣಗಾಗಿದ್ದರೆ ಬದಲಿಸಿ. ಹಿಡಿಕೆ ಜಾರಿದಷ್ಟೂ ಕೈ ಬಿಗಿ ಹಿಡಿಯುತ್ತದೆ, ಬಿಗಿ ಹಿಡಿದಷ್ಟೂ ಸುಸ್ತು. ಕೆಚ್ಚಲಿಗೆ ಹಚ್ಚಿದ ಎಣ್ಣೆಯ ಜಿಡ್ಡು ಕೈಯಲ್ಲೇ ಇಟ್ಟುಕೊಂಡು ಹೊರಡಬೇಡಿ.

ಕ್ಯಾನು ಎಲ್ಲಿ ಕಟ್ಟಬೇಕು

ಲೆಕ್ಕ ಹಾಕಿ. ಒಂದು ಲೀಟರ್ ಹಾಲು ಒಂದು ಕೆ.ಜಿ.ಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ, 1.03 ಕೆ.ಜಿ.ಯಷ್ಟು. ಇಪ್ಪತ್ತು ಲೀಟರ್ ತುಂಬಿದ ಎರಡು ಕ್ಯಾನು, ಕ್ಯಾನಿನ ತೂಕವೂ ಸೇರಿ ಹತ್ತಿರ ಹತ್ತಿರ 50 ಕೆ.ಜಿ. ವಾಪಸ್ ಬರುವಾಗ ತರುವ ಪಶು ಆಹಾರದ ಮೂಟೆಯೂ 50 ಕೆ.ಜಿ. ಎಕ್ಸ್‌ಎಲ್ ಗಾಡಿಯ ಸ್ವಂತ ತೂಕವೇ 90 ಕೆ.ಜಿ. ಮುಟ್ಟುವುದಿಲ್ಲ. ಅಂದರೆ ಗಾಡಿಯ ತೂಕದಲ್ಲಿ ಅರ್ಧಕ್ಕೂ ಹೆಚ್ಚಿನ ಭಾರವನ್ನು ನೀವು ಅದರ ಬೆನ್ನಿಗೆ ಕಟ್ಟುತ್ತಿದ್ದೀರಿ. ಆ ಭಾರ ಒಂದು ಗೇಣು ಹಿಂದೆ ಸರಿದರೂ ಗಾಡಿಯ ನಡತೆಯೇ ಬದಲಾಗುತ್ತದೆ.

ಹಿಂದಿನ ಚಕ್ರದ ನಡುವಿನ ಕಡ್ಡಿ ಇದೆಯಲ್ಲ, ಆಕ್ಸಲ್, ಅದನ್ನು ತಕ್ಕಡಿಯ ಮುಳ್ಳು ಅಂದುಕೊಳ್ಳಿ. ಭಾರ ಅದರ ಮುಂದೆ ಇದ್ದರೆ ಎರಡೂ ಚಕ್ರ ಹಂಚಿಕೊಂಡು ಹೊರುತ್ತವೆ. ಹಿಂದೆ ಇದ್ದರೆ ಮುಂದಿನ ಚಕ್ರ ಮೇಲಕ್ಕೆ ಏಳಲು ನೋಡುತ್ತದೆ. ಹ್ಯಾಂಡಲ್ ಹಗುರಾಗಿ ಆಚೀಚೆ ಆಡುತ್ತದೆ, ತಿರುಗಿಸಿದ ಕಡೆ ತಿರುಗುವುದಿಲ್ಲ, ಮುಂದಿನ ಬ್ರೇಕು ಹಿಡಿದರೂ ಚಕ್ರಕ್ಕೆ ನೆಲದ ಹಿಡಿತವಿರುವುದಿಲ್ಲ.

ಇದನ್ನು ನಾನು ಪುಸ್ತಕ ಓದಿ ಕಲಿತಿಲ್ಲ, ಬಿದ್ದು ಕಲಿತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯೂರು ಕಡೆಯ ಒಂದು ಸೊಸೈಟಿಗೆ ಖನಿಜ ಮಿಶ್ರಣದ ಪೊಟ್ಟಣಗಳ ಒಂದು ಮೂಟೆಯನ್ನು ಸಹೋದ್ಯೋಗಿಯೊಬ್ಬರ ಗಾಡಿಯ ಕ್ಯಾರಿಯರ್ ಮೇಲೆ ಹೇರಿಕೊಂಡು ಹೊರಟಿದ್ದೆ. ಸಮನೆಲದಲ್ಲಿ ಏನೂ ಗೊತ್ತಾಗಲಿಲ್ಲ. ಕೆರೆ ಏರಿ ಹತ್ತುವಾಗ ಮುಂದಿನ ಚಕ್ರ ನೆಲ ಬಿಟ್ಟು ಎದ್ದಿತು, ನಾನು ಪಕ್ಕದ ಜಾಲಿ ಮುಳ್ಳಿನಲ್ಲಿದ್ದೆ. ಹೊಲದಲ್ಲಿದ್ದ ಅಜ್ಜಿಯೊಬ್ಬರು ಬಂದು ಎಬ್ಬಿಸಿ, ಮುಳ್ಳು ತೆಗೆಯುತ್ತಾ, "ಬಂಡಿ ಹೇರೋದು ಗೊತ್ತಿಲ್ವೇನವ್ವ" ಅಂದರು. ಎತ್ತಿನ ಬಂಡಿಗೆ ಹುಲ್ಲು ಹೇರುವಾಗ ಹಿಂದೆ ಹೆಚ್ಚಾದರೆ ನೊಗ ಎದ್ದು ಎತ್ತಿನ ಕತ್ತಿಗೆ ಬರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಡಿಗ್ರಿ ಓದಿದ ನನಗೆ ಗೊತ್ತಿರಲಿಲ್ಲ.

ಹಾಗಾಗಿ ಕ್ಯಾನು ಆದಷ್ಟು ನಿಮ್ಮ ಬೆನ್ನಿಗೆ ಹತ್ತಿರವಾಗಿ, ಆದಷ್ಟು ಕೆಳಗೆ ಇರಲಿ. ಎಕ್ಸ್‌ಎಲ್‌ನ ಹಿಂದಿನ ಸೀಟು ತೆಗೆದರೆ ಆ ಜಾಗ ಸಿಗುತ್ತದೆ. ಇಪ್ಪತ್ತು ಲೀಟರಿನ ಒಂದು ಕ್ಯಾನನ್ನು ಒಂದು ಪಕ್ಕಕ್ಕೆ ನೇತುಹಾಕುವುದಕ್ಕಿಂತ ಹತ್ತು ಲೀಟರಿನ ಎರಡನ್ನು ಎರಡು ಪಕ್ಕಕ್ಕೆ ಹಾಕುವುದು ಎಷ್ಟೋ ಮೇಲು. ಒಂದೇ ಪಕ್ಕ ಭಾರವಿದ್ದರೆ ಗಾಡಿ ನೇರ ಹೋಗಲು ನೀವು ಮೈಯನ್ನು ಇನ್ನೊಂದು ಕಡೆಗೆ ವಾಲಿಸಿಕೊಂಡೇ ಕೂರಬೇಕು. ಮೂರು ಕಿಲೋಮೀಟರ್ ಹಾಗೆ ಕೂತು ಬಂದ ಮೇಲೆ ಸೊಂಟ ನೋಯದೆ ಇನ್ನೇನು. ಕಟ್ಟುವುದಕ್ಕೆ ಹಳೇ ಟ್ಯೂಬಿನ ಪಟ್ಟಿ ಒಳ್ಳೆಯದು, ಹಗ್ಗ ಗುಂಡಿಯಲ್ಲಿ ಎಗರಿದಾಗ ಸಡಿಲವಾಗುತ್ತದೆ. ಕ್ಯಾನಿನ ತಳಕ್ಕೆ ಮಡಚಿದ ಗೋಣಿಚೀಲ ಇಡಿ.

ಕಾಲಿಡುವ ಜಾಗದಲ್ಲಿ ಕ್ಯಾನು ಇಟ್ಟುಕೊಳ್ಳುವವರು ಬಹಳ ಜನ. ಭಾರ ಕೆಳಗೆ, ಮುಂದೆ ಇರುವುದರಿಂದ ಗಾಡಿ ಓಟಕ್ಕೆ ಅದು ಒಳ್ಳೆಯದೇ. ಆದರೆ ಎರಡು ಪರೀಕ್ಷೆ ಮಾಡಿ. ಕ್ಯಾನು ಇಟ್ಟ ಮೇಲೆ ಹ್ಯಾಂಡಲ್ ಎರಡೂ ಕೊನೆಗೆ ಪೂರಾ ಹೊರಳಬೇಕು. ಕ್ಯಾನಿಗೆ ತಡೆಯಿಲ್ಲದೆ ಎರಡೂ ಕಾಲು ಒಮ್ಮೆಲೇ ನೆಲಕ್ಕೆ ಬರಬೇಕು. ಎರಡರಲ್ಲಿ ಒಂದು ಆಗದಿದ್ದರೂ ಆ ಜಾಗ ಬೇಡ. ಹಸಿ ಮೇವಿನ ಹೊರೆಗೂ ಇದೇ ಮಾತು. ನೇಪಿಯರ್ ಹುಲ್ಲಿನ ಉದ್ದ ಹೊರೆ ಅಡ್ಡಕ್ಕೆ ಕಟ್ಟಿದರೆ ಬೇಲಿಗೆ ಸಿಕ್ಕಿ ಗಾಡಿಯನ್ನೇ ತಿರುಗಿಸಿಬಿಡುತ್ತದೆ.

ಹಾಲಿನ ವಿಷಯವೂ ಇಲ್ಲೇ ಸೇರಿಕೊಂಡಿದೆ. ಅರ್ಧ ತುಂಬಿದ ಕ್ಯಾನಿನಲ್ಲಿ ಹಾಲು ಹಿಂದೆ ಮುಂದೆ ಬಡಿಯುತ್ತದೆ. ತಿರುವಿನಲ್ಲಿ ಆ ಹಾಲೇ ಗಾಡಿಯನ್ನು ತಳ್ಳುತ್ತದೆ. ಜೊತೆಗೆ ಕುಲುಕಿ ಕುಲುಕಿ ಕಡೆದಂತಾಗಿ ಬೆಣ್ಣೆಯ ಸಣ್ಣ ಕಾಳು ಮುಚ್ಚಳಕ್ಕೂ ಕಂಠಕ್ಕೂ ಅಂಟಿಕೊಳ್ಳುತ್ತದೆ. ಅಂಟಿಕೊಂಡ ಕೊಬ್ಬು ಸ್ಯಾಂಪಲ್ಲಿಗೆ ಬರುವುದಿಲ್ಲ, ನಿಮ್ಮ ಫ್ಯಾಟ್ ಕಡಿಮೆ ತೋರಿಸುತ್ತದೆ. ಹಸುವಿಗೆ ಹಿಂಡಿ ಹೆಚ್ಚು ಮಾಡಿದರೂ ಫ್ಯಾಟ್ ಏರಲಿಲ್ಲ ಎಂದು ಪರೀಕ್ಷಕರ ಮೇಲೆ ಸಿಟ್ಟಾಗುವ ಮುಂಚೆ ಕ್ಯಾನಿನ ಮುಚ್ಚಳದ ಒಳಗೊಮ್ಮೆ ನೋಡಿ. ಹನ್ನೆರಡು ಲೀಟರ್ ಹಾಲಿಗೆ ಇಪ್ಪತ್ತರ ಕ್ಯಾನು ತರಬೇಡಿ, ಕಂಠದವರೆಗೆ ತುಂಬುವ ಕ್ಯಾನು ಸಾಕು.

ಗಾಳಿ ಮತ್ತು ಸ್ಪ್ರಿಂಗು

ಟಯರನ್ನು ಹೆಬ್ಬೆರಳಲ್ಲಿ ಅದುಮಿ "ಗಾಳಿ ಐತೆ" ಅನ್ನುವುದು ನಮ್ಮ ಅಭ್ಯಾಸ. ಅದು ಲೆಕ್ಕಕ್ಕಿಲ್ಲ. ಎಷ್ಟು ಗಾಳಿ ಬೇಕೆಂದು ಕಂಪನಿಯವರು ಗಾಡಿಯ ಮೇಲೊಂದು ಚೀಟಿ ಅಂಟಿಸಿರುತ್ತಾರೆ, ಜೊತೆಗೆ ಕೊಟ್ಟ ಪುಸ್ತಕದಲ್ಲೂ ಇರುತ್ತದೆ. ಒಬ್ಬರೇ ಇದ್ದಾಗ ಎಷ್ಟು, ಇಬ್ಬರಿದ್ದಾಗ ಎಷ್ಟು ಎಂದು ಎರಡು ಲೆಕ್ಕ ಇರುತ್ತದೆ. ಉದಾಹರಣೆಗೆ ಹೋಂಡಾ ಆಕ್ಟಿವಾದಲ್ಲಿ ಮುಂದಿನ ಚಕ್ರಕ್ಕೆ 22, ಹಿಂದಿನದಕ್ಕೆ ಒಬ್ಬರಿದ್ದಾಗ 29, ಇಬ್ಬರಿದ್ದಾಗ 36 ಪೌಂಡು. ಎರಡು ಕ್ಯಾನು ಹಾಲು ಅಂದರೆ ಹಿಂದೆ ಒಬ್ಬರನ್ನು ಕೂರಿಸಿಕೊಂಡ ಹಾಗೇ, ಎರಡನೇ ಲೆಕ್ಕವೇ ನಿಮ್ಮದು. ಪಂಚರ್ ಅಂಗಡಿಯವರು ಎರಡೂ ಚಕ್ರಕ್ಕೆ ಒಂದೇ ಸಮ ಹೊಡೆದು ಕಳಿಸುತ್ತಾರೆ. ಮುಂದಿನ ಟಯರ್ ಕಲ್ಲಿನಂತೆ ಗಟ್ಟಿಯಾಗಿ ನೊರಜಿನ ಮೇಲೆ ಪುಟಿಯುತ್ತದೆ, ಮಣಿಕಟ್ಟು ನೋಯುತ್ತದೆ. ಬಾಯಿಬಿಟ್ಟು ಇಷ್ಟಿಷ್ಟು ಹಾಕಪ್ಪಾ ಎಂದು ಹೇಳಿ.

ಡರ್ಟ್ ಬೈಕಿನವರು ಮಣ್ಣಿನಲ್ಲಿ ಹಿಡಿತ ಸಿಗಲೆಂದು ಗಾಳಿ ಇಳಿಸುತ್ತಾರೆ. ಮನೆಯಲ್ಲಿ ಬೈಕಿನ ಹುಚ್ಚಿರುವ ಹುಡುಗರಿದ್ದರೆ ನಿಮಗೂ ಹಾಗೇ ಮಾಡಿ ಅನ್ನಬಹುದು. ಬೇಡ. ಅವರ ಟಯರ್ ದಪ್ಪ, ಅವರ ಬೆನ್ನ ಹಿಂದೆ ಐವತ್ತು ಕೆ.ಜಿ. ಇಲ್ಲ. ನಿಮ್ಮ ಗಾಡಿಯಲ್ಲಿ ಗಾಳಿ ಕಡಿಮೆಯಿದ್ದು ಭಾರವಿದ್ದರೆ ಕಲ್ಲಿನ ಮೇಲೆ ಹೋದಾಗ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಎರಡು ಕಡೆ ಕತ್ತರಿಸುತ್ತದೆ. ಹಾವು ಕಚ್ಚಿದಂತೆ ಪಕ್ಕಪಕ್ಕ ಎರಡು ತೂತಿನ ಪಂಚರ್ ಕಂಡರೆ ಕಾರಣ ಮುಳ್ಳಲ್ಲ, ಗಾಳಿ.

ಹಿಂದಿನ ಶಾಕ್ ಅಬ್ಸಾರ್ಬರ್ ಬಗ್ಗೆ ಸ್ವಲ್ಪವೇ ಹೇಳುತ್ತೇನೆ. ಸ್ಪ್ಲೆಂಡರ್‌ನಂಥ ಬೈಕಿನ ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿರುವ ಒಂದು ಬಳೆ ಇರುತ್ತದೆ. ಅದನ್ನು ತಿರುಗಿಸಿದರೆ ಸ್ಪ್ರಿಂಗು ಬಿಗಿಯಾಗುತ್ತದೆ, ಸಡಿಲವಾಗುತ್ತದೆ. ಕೆಲವು ಸ್ಕೂಟರ್‌ಗಳಲ್ಲಿ ಮೂರು ಮೆಟ್ಟಿಲಿರುತ್ತದೆ. ದಿನವೂ ಭಾರ ಹೇರುವವರು ಒಂದೆರಡು ಮೆಟ್ಟಿಲು ಬಿಗಿ ಮಾಡಿಸಿ. ಎರಡು ಪಕ್ಕ ಸ್ಪ್ರಿಂಗಿದ್ದರೆ ಎರಡೂ ಒಂದೇ ಮೆಟ್ಟಿಲಲ್ಲಿರಬೇಕು. ನಿಮ್ಮ ಗಾಡಿಯಲ್ಲಿ ಆ ಬಳೆ ಇಲ್ಲದಿದ್ದರೆ ಮಾಡುವುದು ಒಂದೇ: ಭಾರದೊಂದಿಗೆ ಗಾಡಿಯನ್ನು ಕೆಳಗೆ ಅದುಮಿ ಬಿಡಿ. ಒಮ್ಮೆ ಎದ್ದು ನಿಂತರೆ ಸರಿ. ಎರಡು ಮೂರು ಸಲ ತೂಗುಯ್ಯಾಲೆ ಆಡಿದರೆ, ಇಲ್ಲವೇ ಕೊಳವೆಯ ಮೇಲೆ ಎಣ್ಣೆ ಒಸರಿದ್ದರೆ ಅದರ ಆಯುಸ್ಸು ಮುಗಿದಿದೆ. ನಿಮ್ಮ ಬೆನ್ನುನೋವಿಗೆ ಮಾತ್ರೆ ತೆಗೆದುಕೊಳ್ಳುವ ಮುಂಚೆ ಅದನ್ನು ಬದಲಿಸಿ.

ಸೆರಗು

ಸೀರೆ ಉಟ್ಟು ಗಾಡಿ ಓಡಿಸಬಾರದು ಎಂದು ನಾನು ಹೇಳುವುದಿಲ್ಲ. ಸೀರೆ ಮೇಲೆ ಯಜಮಾನರ ತುಂಬುತೋಳಿನ ಅಂಗಿ ತೊಟ್ಟು, ಸೆರಗನ್ನು ಅಂಗಿಯೊಳಗೆ ಸೇರಿಸಿ ಗುಂಡಿ ಹಾಕಿಕೊಳ್ಳುವ ಪದ್ಧತಿ ನಮ್ಮ ಹೆಂಗಸರು ಹೊಲದ ಕೆಲಸಕ್ಕೆ ಮಾಡಿಕೊಂಡದ್ದು. ಗಾಡಿಗೂ ಅದಕ್ಕಿಂತ ಒಳ್ಳೆಯ ಉಡುಪಿಲ್ಲ. ನನ್ನ ತಕರಾರು ಇರುವುದು ಗಾಡಿಯ ಬಗ್ಗೆ.

ಹಿಂದಿನ ಚಕ್ರದ ಎಡಗಡೆ ಸೀರೆ ಸಿಕ್ಕದಂತೆ ಜಾಲರಿ, ಅಂದರೆ ಸೀರೆ ಗಾರ್ಡ್, ಹಾಕಿರುತ್ತಾರೆ. ಅದು ಅಂದಕ್ಕಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 123ನೇ ನಿಯಮದಲ್ಲಿ, ಹಿಂದೆ ಕೂತವರ ಬಟ್ಟೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚುವ ರಕ್ಷಣೆ ಇರಬೇಕೆಂದಿದೆ. ನಾವು ಏನು ಮಾಡುತ್ತೇವೆ? ಕ್ಯಾನು ನೇತುಹಾಕುವ ಕೊಕ್ಕೆಗೆ ಅಡ್ಡ ಬರುತ್ತದೆಂದು ವೆಲ್ಡಿಂಗ್ ಅಂಗಡಿಯಲ್ಲಿ ಮೊದಲು ಕತ್ತರಿಸಿ ತೆಗೆಸುವುದೇ ಅದನ್ನು. ಗುಜರಿಗೆ ಹೋಗುವ ಆ ಎರಡು ಕೆ.ಜಿ. ಕಬ್ಬಿಣ ನಿಮ್ಮ ಪ್ರಾಣ. ಸೆರಗು ಚಕ್ರಕ್ಕೆ ಸಿಕ್ಕರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಅರೆಕ್ಷಣದಲ್ಲಿ ಕತ್ತನ್ನು ಹಿಂದಕ್ಕೆ ಎಳೆದು ಕೆಡವುತ್ತದೆ. ನಿಮ್ಮ ಹಿಂದೆ ಸೊಸೆಯನ್ನೋ ಅತ್ತೆಯನ್ನೋ ಒಂದು ಪಕ್ಕಕ್ಕೆ ಕಾಲಿಳಿಬಿಟ್ಟು ಕೂರಿಸಿಕೊಂಡಾಗಂತೂ ಕೇಳುವುದೇ ಬೇಡ. ಗಾರ್ಡ್ ತೆಗೆದಿದ್ದರೆ ಈ ವಾರವೇ ಹಾಕಿಸಿ, ಕೊಕ್ಕೆಯನ್ನು ಗಾರ್ಡಿನ ಹೊರಗೆ ಬರುವಂತೆ ಬೆಸುಗೆ ಮಾಡಿಸಬಹುದು. ಚೈನಿನ ಮೇಲಿನ ಮುಚ್ಚಳ ಕಳಚಿಬಿದ್ದಿದ್ದರೆ ಅದನ್ನೂ ಹಾಕಿಸಿ. ಹಾಗೆಂದು ದೊಡ್ಡ ದೊಡ್ಡ ಕಬ್ಬಿಣದ ಚೌಕಟ್ಟು ಕಟ್ಟಿಸಿ ಗಾಡಿಯ ರೂಪವನ್ನೇ ಬದಲಿಸಬೇಡಿ. ನೋಂದಣಿಯಲ್ಲಿರುವ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ.

ನಮ್ಮ ದಾರಿಗಳು

ಹೊಸದುರ್ಗದ ಕಡೆ ಕೆಂಪು ನೆಲ, ಮೇಲೆ ನೊರಜು ಕಲ್ಲು. ಕಾಳಿನ ಮೇಲೆ ಕಾಲಿಟ್ಟಂತೆ ಚಕ್ರ ಜಾರುತ್ತದೆ. ಇಲ್ಲಿ ತಿರುವಿನೊಳಗೆ ಬ್ರೇಕು ಹಿಡಿಯಬಾರದು. ತಿರುವಿಗೆ ಮುಂಚೆ, ಗಾಡಿ ನೆಟ್ಟಗಿರುವಾಗಲೇ ಎರಡೂ ಬ್ರೇಕು ಮೆಲ್ಲಗೆ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಟ್ಟುಬಿಡಿ. ಬಂಡಿ ಜಾಡಿನಲ್ಲಿ ಚಕ್ರ ಇಳಿದರೆ ಹ್ಯಾಂಡಲ್ ಜೊತೆ ಜಗಳ ಆಡಬೇಡಿ. ಜಾಡಿನಲ್ಲೇ ಹೋಗಿ, ದೃಷ್ಟಿ ಇಪ್ಪತ್ತು ಮಾರು ಮುಂದಿರಲಿ. ಚಕ್ರದ ಬುಡವನ್ನೇ ನೋಡಿದರೆ ಕಲ್ಲಿಗೇ ಹೋಗಿ ಬಡಿಯುತ್ತೀರಿ. ಗುಂಡಿ ಬಂದಾಗ ಸೀಟಿನಿಂದ ಎರಡು ಬೆರಳಷ್ಟು ಮೈ ಎತ್ತಿ, ಭಾರ ಪಾದದ ಮೇಲೆ ಬಿಡಿ. ಡರ್ಟ್ ಬೈಕಿನವರು ಗುಂಡಿ ದಾರಿಯಲ್ಲಿ ನಿಂತೇ ಓಡಿಸುವುದು ಇದಕ್ಕೇ. ಏಟು ಮೊಣಕಾಲಿನಲ್ಲಿ ಕರಗುತ್ತದೆ, ಬೆನ್ನಿಗೆ ಬರುವುದಿಲ್ಲ. ನಿಲ್ಲುವುದು ಬೇಡ, ಎರಡು ಬೆರಳು ಸಾಕು.

ಹಿರಿಯೂರಿನ ಎರೆ ನೆಲದ ಮಾತೇ ಬೇರೆ. ಒಣಗಿದಾಗ ಅಂಗಳದಂತಿರುತ್ತದೆ, ಒಂದು ಹದ ಮಳೆ ಬಿದ್ದರೆ ಅಂಟು. 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ 89 ವರ್ಷದ ಮೇಲೆ ಕೋಡಿ ಬಿದ್ದ ಮಳೆಗಾಲ ನೆನಪಿರಬೇಕಲ್ಲ. ಎರೆ ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಚಕ್ರವೇ ನಿಂತುಬಿಡುತ್ತದೆ. ಡರ್ಟ್ ಬೈಕಿನ ಮುಂದಿನ ಮಡ್‌ಗಾರ್ಡನ್ನು ಚಕ್ರದಿಂದ ಅಷ್ಟು ಎತ್ತರದಲ್ಲಿ ಇಟ್ಟಿರುವುದು ಈ ಅಂಟು ಸಿಕ್ಕಿಕೊಳ್ಳದಿರಲೆಂದೇ. ನಮ್ಮ ಗಾಡಿಗೆ ಆ ಎತ್ತರವಿಲ್ಲ. ಹಾಗಾಗಿ ಎರೆ ಹಸಿಯಾದ ದಿನ ಗಾಡಿಯನ್ನು ಡಾಂಬರು ಇರುವಲ್ಲೇ ನಿಲ್ಲಿಸಿ ಕ್ಯಾನು ಕೈಯಲ್ಲಿ ಹಿಡಿದು ನಡೆಯಿರಿ. ಅದರಲ್ಲಿ ಅವಮಾನವೇನಿಲ್ಲ. ಹೊಳಲ್ಕೆರೆಯ ಅಡಿಕೆ ತೋಟದ ಬದುಗಳಲ್ಲೂ ಪಾಚಿ ಕಟ್ಟಿದ ಮೇಲೆ ಇದೇ ಬುದ್ಧಿ.

ಸಮಯ ಮೀರುತ್ತದೆ, ಸೊಸೈಟಿ ಮುಚ್ಚುತ್ತದೆ ಎಂಬ ಆತುರವೇ ಅರ್ಧ ಅಪಘಾತಕ್ಕೆ ಕಾರಣ ಎಂದು ನನಗನ್ನಿಸುತ್ತದೆ. ಕರೆದ ಹಾಲು ಬೇಗ ತಂಪಾಗಬೇಕು ನಿಜ, ಆದರೆ ಆ ಐದು ನಿಮಿಷವನ್ನು ಕೊಟ್ಟಿಗೆಯಲ್ಲಿ ಉಳಿಸಿ, ದಾರಿಯಲ್ಲಿ ಬೇಡ. ಹಿಂದಿನ ರಾತ್ರಿಯೇ ಕ್ಯಾನಿನ ಪಟ್ಟಿ, ಹೆಲ್ಮೆಟ್, ಚಪ್ಪಲಿ ಒಂದೇ ಕಡೆ ಇಟ್ಟಿರಿ. ಹೆಲ್ಮೆಟ್ ಪೊಲೀಸರಿಗಾಗಿ ಅಲ್ಲ ಎಂದು ನಿಮಗೆ ಹೇಳಬೇಕಿಲ್ಲ. ಲೈಸೆನ್ಸ್ ಇಲ್ಲದವರು ಗೇರ್ ಇಲ್ಲದ ವಾಹನಕ್ಕೆ ಮೊದಲು ಕಲಿಕಾ ಲೈಸೆನ್ಸ್ ಮಾಡಿಸಿ. ಅದಾದ 30 ದಿನಕ್ಕೆ ಪರೀಕ್ಷೆಗೆ ಹೋಗಬಹುದು, 6 ತಿಂಗಳೊಳಗೆ ಮುಗಿಸಬೇಕು. ಗಾಡಿಯ ವಿಮೆ ಎಂದಿನವರೆಗೆ ಇದೆ ಎಂಬುದನ್ನು ಯಜಮಾನರನ್ನು ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಇನ್ನೊಂದು ಮಾತು. ಗಾಳಿ ಅಳೆಯುವ ಗೇಜು ಕೂಡಿರುವ ಕಾಲುಪಂಪು ಬಹಳ ದುಬಾರಿ ವಸ್ತುವಲ್ಲ. ಪ್ರತಿ ಮನೆಗೂ ಬೇಕಿಲ್ಲ, ಸೊಸೈಟಿಗೆ ಒಂದಿದ್ದರೆ ಸಾಕು. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ನಿಮ್ಮ ನಿರ್ದೇಶಕಿಯರ ಮೂಲಕ ವಿಷಯ ಇಡಿ. ಹಾಲು ಅಳೆಯುವ ಸಾಲಿನಲ್ಲಿ ನಿಮ್ಮ ಸರದಿ ಬರುವಷ್ಟರಲ್ಲಿ ಎರಡೂ ಚಕ್ರದ ಗಾಳಿ ನೋಡಿ ಮುಗಿದಿರುತ್ತದೆ.